ಸೀಮೆಎಣ್ಣೆ ಕ್ಯೂ ಎಲ್ಲಿಗೆ ಹೋಯಿತು?

ಹಳೇ ಅಡುಗೆಮನೆ ಅಂದರೆ ಎಲ್ಲರೂ ಸೌದೆ ಒಲೆಯ ಮಾತಾಡುತ್ತಾರೆ. ಕೆಂಡದಲ್ಲಿ ಸುಟ್ಟ ಹಪ್ಪಳ, ಒಲೆ ಮೇಲೆ ಕುದ್ದ ಸಾರು. ಎಂಬತ್ತರ ದಶಕದಲ್ಲಿ ಪೇಟೆಯ ಬಾಡಿಗೆ ಮನೆಯಲ್ಲಿ ಬೆಳೆದ ನಮ್ಮ ಮೂಗಿಗೆ ಅಂಟಿರುವುದು ಬೇರೆಯೇ ವಾಸನೆ. ಸೀಮೆಎಣ್ಣೆಯ ಬತ್ತಿ ಸ್ಟೌ ಆರಿಸಿದಾಗ ಏಳುತ್ತಿತ್ತಲ್ಲ, ಅದು. ಒಮ್ಮೊಮ್ಮೆ ಕಾಫಿಗೂ ಅದೇ ವಾಸನೆ.

ಸೀಮೆಸುಣ್ಣ, ಸೀಮೆಬದನೆಯ ಹಾಗೆ ಸೀಮೆಎಣ್ಣೆಯೂ ಹೊರಗಿನಿಂದ ಬಂದ ಸರಕು. ತಗಡಿನ ಡಬ್ಬದಲ್ಲಿ ಬಂತು, ಹರಳೆಣ್ಣೆ ದೀಪವನ್ನು ಮೂಲೆಗೆ ತಳ್ಳಿತು, ಬುಡ್ಡಿ ದೀಪ, ಲಾಟೀನು ದಾಟಿ ಪಂಪ್ ಸ್ಟೌ ಜೊತೆ ಅಡುಗೆಮನೆಗೂ ನುಗ್ಗಿತು. ಕೆಲವು ಕಡೆ ಅದಕ್ಕೆ ಚಿಮಣಿ ಎಣ್ಣೆ ಅಂತಲೇ ಹೆಸರು.

ಪಂಪ್ ಸ್ಟೌನ ಕಟ್ಟಿದ ತೂತು ಬಿಡಿಸಲು ಪಿನ್ ಚುಚ್ಚುವ ಕೆಲಸ ಮಕ್ಕಳಿಗೆ ಸಿಗುತ್ತಿರಲಿಲ್ಲ. ಭಯ. 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಆಗಾಗ ಪೇಪರಿನಲ್ಲಿ ಇರುತ್ತಿತ್ತು. ಅದು ಹೊಸ ಸೊಸೆಯ ಕೈಯಲ್ಲೇ ಯಾಕೆ ಸಿಡಿಯುತ್ತದೆ ಅಂತ ಜನ ಕೇಳತೊಡಗಿದ ಕಾಲವದು. ಗಂಡನ ಮನೆಯ ಹಿಂಸೆ 1983ರಲ್ಲಿ ಅಪರಾಧವಾಯಿತು, ವರದಕ್ಷಿಣೆ ಸಾವಿಗೆ 1986ರಲ್ಲಿ ಬೇರೆ ಕಲಮೇ ಬಂತು. ಹಳೇ ದಿನ ಚೆನ್ನಾಗಿತ್ತು ಅನ್ನುವಾಗ ಈ ಭಾಗ ಯಾರ ಬಾಯಿಗೂ ಬರುವುದಿಲ್ಲ.

ಇನ್ನು ಕ್ಯೂ. ಬಡವರ ಉರುವಲು ಅಂತ ಸರ್ಕಾರ ಸೀಮೆಎಣ್ಣೆಯನ್ನು ಅಗ್ಗದಲ್ಲಿ ಇಟ್ಟಿತು. ಪಕ್ಕದಲ್ಲೇ ಡೀಸೆಲ್ ಜಾಸ್ತಿ ಬೆಲೆಗೆ ಇತ್ತು. ಅಗ್ಗದ್ದು ದುಬಾರಿಯದರ ಜೊತೆ ಬೆರೆಯಲು ಎಷ್ಟು ಹೊತ್ತು? ಗುರುತು ಸಿಗಲಿ ಅಂತ ರೇಷನ್ ಎಣ್ಣೆಗೆ ನೀಲಿ ಬಣ್ಣ ಹಾಕಿದರು. ಬೋರ್ಡಿನ ಮೇಲೆ 'ಸ್ಟಾಕ್ ಇಲ್ಲ' ಅನ್ನುವುದು ಮಾತ್ರ ಅಳಿಸಲಿಲ್ಲ.

ಬ್ಯಾರೆಲ್ ಬಂತು ಅಂತ ಯಾರೋ ಕೂಗಿದರೆ ಸಾಕು. ಕ್ಯಾನು, ಕಾರ್ಡು, ಎಣಿಸಿದ ಚಿಲ್ಲರೆ ಹಿಡಿದು ಓಟ. ನಮ್ಮ ಬದಲು ಕ್ಯಾನೇ ಸಾಲಿನಲ್ಲಿ ನಿಲ್ಲುತ್ತಿತ್ತು, ಅದರ ಮೇಲೊಂದು ಕಲ್ಲು. ಅಳತೆ ಡಬ್ಬವನ್ನು ಲಾಳಿಕೆಗೆ ಬಗ್ಗಿಸುವಾಗ 'ನೊರೆ ಇಳಿಯಲಿ ಅಣ್ಣಾ' ಅಂತ ಹೇಳಬೇಕು ಎಂದು ಅಮ್ಮ ಕಲಿಸಿದ್ದಳು. ಹೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ಬಂದು ಅಳೆದರೆ ಯಾವಾಗಲೂ ಸ್ವಲ್ಪ ಕಮ್ಮಿ. ಬೈಗುಳ ನನಗೇ. ಆ ಸಾಲಿನಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಅವರು ನಿಂತ ಗಂಟೆಗಳು ಯಾವ ಸಬ್ಸಿಡಿ ಲೆಕ್ಕದಲ್ಲೂ ಇಲ್ಲ.

ಬೇರೆ ದಾರಿ ಇರಲಿಲ್ಲವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕಮ್ಮಿ ಮಾಡುವ 'ಅಸ್ತ್ರ ಒಲೆ' ರೂಪಿಸಿದರು. ಅದು ಹಳ್ಳಿಯ ಸೌದೆ ಒಲೆಗೆ ಸರಿ, ಪೇಟೆಯ ವಠಾರಕ್ಕಲ್ಲ. ಇಂಡೇನ್ ಗ್ಯಾಸ್ 1965ರಲ್ಲೇ ಶುರುವಾಗಿತ್ತು. ಆದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಸರದಿ ತಪ್ಪಿಸಿ ಕೊಡಿಸಲು ಸಂಸದರಿಗೆ ಕೋಟಾ ಇತ್ತು. ಅದಕ್ಕೂ ಗುರುತು ಪರಿಚಯ ಬೇಕಲ್ಲ. ಕೊನೆಗೂ 14.2 ಕೆ.ಜಿ.ಯ ಸಿಲಿಂಡರ್ ಮನೆಗೆ ಬಂದರೆ ಮೊದಲ ದಿನ ಕುಂಕುಮ, ಹೂವು. ಜೊತೆಗೆ ರೇಷನ್ ಕಾರ್ಡಿಗೆ ಮೊಹರು, ಸೀಮೆಎಣ್ಣೆ ಕಟ್. ಬುಕ್ ಮಾಡಿದ ಸಿಲಿಂಡರ್ ತಡವಾದರೆ ಮೊಹರಿಲ್ಲದ ಪಕ್ಕದ ಮನೆಯವರೇ ಗತಿ.

1993ರಲ್ಲಿ ಗ್ಯಾಸ್ ಮಾರಲು ಖಾಸಗಿಯವರಿಗೂ ದಾರಿ ತೆರೆಯಿತು, ಕಾಯುವ ಪಟ್ಟಿ ನಿಧಾನವಾಗಿ ಕರಗಿತು. ಆಮೇಲಿನದು ಬರೀ ಅಂಕಿಯ ಆಟ. ಸಬ್ಸಿಡಿ ಸಿಲಿಂಡರ್ 2012ರಲ್ಲಿ ವರ್ಷಕ್ಕೆ 6 ಅಂದರು, ಮರುವರ್ಷ 9, ಅದರ ಮರುವರ್ಷ 12. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂತು. ಅದೇ ವರ್ಷದಿಂದ ರೇಷನ್ ಸೀಮೆಎಣ್ಣೆ ಬೆಲೆ ಲೀಟರಿಗೆ ಸಲಕ್ಕೆ 25 ಪೈಸೆಯಂತೆ ಸದ್ದಿಲ್ಲದೆ ಏರುತ್ತಾ ಹೋಯಿತು. ಯಾರೂ ಗಲಾಟೆ ಮಾಡಲಿಲ್ಲ. ಕ್ಯೂ ಆಗಲೇ ಚದುರಿತ್ತು. ಗ್ಯಾಸ್ ಬಂದ ಮನೆಗಳಲ್ಲೂ ಸೌದೆ ಪೂರ್ತಿ ಹೋಗಿಲ್ಲ. ಮಲೆನಾಡಿನಲ್ಲಿ ಕಾಫಿಗೆ ಗ್ಯಾಸು, ಸ್ನಾನದ ಹಂಡೆಗೆ ಈಗಲೂ ತೆಂಗಿನ ಮಟ್ಟೆ, ಅಡಿಕೆ ಸೋಗೆ.

ಸೀಮೆಎಣ್ಣೆಗಾಗಿ ಕಾಯುವವರು ಇನ್ನೂ ಇದ್ದಾರೆ, ಕರಾವಳಿಯಲ್ಲಿ. ಹಲವು ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ಓಡುವುದು ಅದರಲ್ಲೇ. ಮೀನುಗಾರಿಕೆ ಸೀಸನ್ ಶುರುವಾದರೂ ಈ ತಿಂಗಳ ಕೋಟಾ ಬಂದಿಲ್ಲ ಅನ್ನುವ ದೂರು ಅಲ್ಲಿ ಆಗಾಗ ಕೇಳುತ್ತದೆ.