‘ಮರ್ಯಾದೆಯ ಉಡುಪು’: ಯಾವ ಮರ್ಯಾದೆ?

ದಾವಣಗೆರೆಯ ಒಂದು ಪ್ರಾರ್ಥನಾ ಕೂಟದಲ್ಲಿ ಮೊನ್ನೆ ಮತ್ತೆ ಅದೇ ಮಾತು ಕೇಳಿದೆ. ಹೆಣ್ಣುಮಕ್ಕಳು ಮರ್ಯಾದೆಯ ಉಡುಪು ಹಾಕಿಕೊಂಡು ಬರಬೇಕು, ಬೈಬಲ್ಲೇ ಹೇಳಿದೆ ಅಂತ. ಹೇಳಿದವರು ಮೊಣಕಾಲಿನ ಕೆಳಗೆ ಕೈಯಿಂದ ಒಂದು ಗೆರೆ ಎಳೆದು ತೋರಿಸಿದರು. ನನ್ನ ಮುಂದೆ ಕೂತಿದ್ದ ಪಿಯುಸಿ ಹುಡುಗಿ ದುಪಟ್ಟಾ ಎಳೆದುಕೊಂಡಳು. ಅವಳು ಹಾಕಿದ್ದು ಉದ್ದ ತೋಳಿನ ಚೂಡಿದಾರ್. ಆದರೂ ಪ್ರಾರ್ಥನೆ ಮುಗಿಯೋವರೆಗೂ ಆ ದುಪಟ್ಟಾ ಬಿಡಲಿಲ್ಲ.

ಬೈಬಲ್ಲಿನಲ್ಲಿ ಆ ಮಾತು ಬರುವುದು ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, 2ನೇ ಅಧ್ಯಾಯದ 9ನೇ ವಚನದಲ್ಲಿ. ನಾವು ಅರ್ಧ ಓದಿ ನಿಲ್ಲಿಸುತ್ತೇವೆ. ದಯವಿಟ್ಟು ಮುಂದಕ್ಕೂ ಓದಿ. ಪೌಲ ಬೇಡ ಅನ್ನುವುದು ಹೆಣೆದ ಜಡೆ, ಚಿನ್ನ, ಮುತ್ತು, ದುಬಾರಿ ಬಟ್ಟೆ. ಮೊಣಕಾಲು, ತೋಳು, ಕುತ್ತಿಗೆಯ ಸುದ್ದಿಯೇ ಅಲ್ಲಿಲ್ಲ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ.

ಈಗ ಪದಕ್ಕೆ ಬರೋಣ. ಮರ್ಯಾದೆ ಅಂದರೆ ಗೌರವ ಅಂತ ನಾವು ದಿನಾ ಬಳಸುತ್ತೇವೆ. ಸಂಸ್ಕೃತದಲ್ಲಿ ಮರ್ಯಾದಾ ಅಂದರೆ ಗಡಿ, ಎಲ್ಲೆ, ಕಡಲಿನ ದಡ. ಅದೇ ಪದ ಪ್ರಾಕೃತದಲ್ಲಿ ಸವೆದು ‘ಮೇರಾ’ ಆಯಿತು, ಕನ್ನಡದಲ್ಲಿ ‘ಮೇರೆ’ ಆಯಿತು. ಅಂದರೆ ‘ಮೇರೆ ಮೀರಬೇಡ’ ಅನ್ನುವಾಗಿನ ಮೇರೆ, ‘ಮರ್ಯಾದೆ ಕೊಡು’ ಅನ್ನುವಾಗಿನ ಮರ್ಯಾದೆ, ಎರಡೂ ಒಂದೇ ಬೇರಿನವು. ಚಿತ್ರದುರ್ಗದ ಕಡೆ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಹೊಲದ ನಡುವೆ ಬದುವಿನ ಕಲ್ಲು ನೆಟ್ಟರೆ ಅದು ಈಚೆಯವನಿಗೆ ಎಷ್ಟು ಕಟ್ಟೋ ಆಚೆಯವನಿಗೂ ಅಷ್ಟೇ ಕಟ್ಟು. ನನ್ನ ಜೋಳ ಬೇಲಿ ದಾಟಬಾರದು, ಸರಿ. ನಿಮ್ಮ ಎತ್ತೂ ದಾಟಬಾರದು, ಅಲ್ವಾ?

ಪೌಲ ಬರೆದ ಗ್ರೀಕ್ ಪದ ‘ಕೋಸ್ಮಿಯೊಸ್’. ಅದರ ಬೇರು ‘ಕೋಸ್ಮೊಸ್’, ಅಂದರೆ ಒಪ್ಪ, ಅಚ್ಚುಕಟ್ಟು. ನಮ್ಮ ಅಂಗಡಿಯ ಕಾಸ್ಮೆಟಿಕ್ಸ್ ಕೂಡ ಅದೇ ಬೇರಿನದು. ಇಂಗ್ಲಿಷಿನ ‘ಮಾಡೆಸ್ಟ್’ ಹುಟ್ಟಿದ್ದು ಲ್ಯಾಟಿನ್ನಿನ ‘ಮೋಡುಸ್’ನಿಂದ, ಅಂದರೆ ಅಳತೆ. ಒಂದು ಎಲ್ಲೆ, ಒಂದು ಒಪ್ಪ, ಒಂದು ಅಳತೆ. ಮೈ ಮುಚ್ಚು ಅನ್ನುವ ಅರ್ಥ ಮೂರರ ಬೇರಿನಲ್ಲೂ ಇಲ್ಲ.

ಹಾಗಾದರೆ ಪೌಲನ ಸಭೆಯಲ್ಲಿ ಯಾವ ಎಲ್ಲೆ ಮೀರಿತ್ತು? ಹಣದ್ದು ಅಂತ ನಾನು ಓದುತ್ತೇನೆ. ಬೈಬಲ್ಲಿನಲ್ಲೇ ಇರುವ ಯಾಕೋಬನ ಪತ್ರದ 2ನೇ ಅಧ್ಯಾಯ ನೋಡಿ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಕೊಳಕು ಬಟ್ಟೆಯ ಬಡವನಿಗೆ ಕಾಲ ಬುಡ. ಹೀಗೆ ಮಾಡಬೇಡಿ ಅಂತ ಯಾಕೋಬ ಗದರುತ್ತಾನೆ. ಮಂಡಿಪೇಟೆಯಲ್ಲಿ ಸಾಲ ಮಾಡಿ ಮದುವೆ ರೇಷ್ಮೆ ಕೊಂಡವರನ್ನು ನಾನು ಬಲ್ಲೆ. ಅವರ ಮದುವೆಯಲ್ಲಿ ಮರ್ಯಾದೆಯ ಉಡುಪಿನ ಮಾತು ಯಾರೂ ಎತ್ತಲಿಲ್ಲ. ಎತ್ತಬೇಕಾದ ಜಾಗ ಅದೇ ಆಗಿತ್ತು.

ಇನ್ನು ಜಾಹೀರಾತು. ಪಿ.ಬಿ. ರಸ್ತೆಯಲ್ಲಿ ಹಿಂದೊಮ್ಮೆ ಒಂದು ಫ್ಲೆಕ್ಸ್ ಇತ್ತು. ಮಾರುತ್ತಿದ್ದದ್ದು ನೆಲದ ಟೈಲ್ಸ್. ಅದರಲ್ಲಿ ಸೀರೆ ಉಟ್ಟ ಹೆಂಗಸು. ಫೋಟೋ ಶುರುವಾಗುವುದೇ ಅವಳ ಗಲ್ಲದ ಕೆಳಗೆ, ಮುಗಿಯುವುದು ಸೊಂಟಕ್ಕೆ. ಮುಖವೇ ಇಲ್ಲ. ಟೈಲ್ಸ್ ಮೂಲೆಯಲ್ಲಿ ಅಂಗೈ ಅಗಲ. ಮೊಣಕಾಲಿನ ಗೆರೆಯಿಂದ ಅಳೆದರೆ ಆ ಸೀರೆ ಪಾಸು. ಉಟ್ಟವಳು ಯಾವ ಮೇರೆಯನ್ನೂ ಮೀರಿಲ್ಲ. ಮೀರಿದ್ದು ಅವಳ ಮುಖವನ್ನು ಕತ್ತರಿಸಿ ಬಿಸಾಕಿದವರು.

ಮತ್ತಾಯನ ಸುವಾರ್ತೆಯ 5:28ರಲ್ಲಿ ಯೇಸು ಮಾತಾಡುವುದು ಹೆಂಗಸನ್ನು ಕೆಟ್ಟ ಆಸೆಯಿಂದ ನೋಡುವ ಗಂಡಸಿನ ಜೊತೆ. ಮರುವಚನದಲ್ಲೇ ನಿನ್ನ ಕಣ್ಣು ತಪ್ಪು ಮಾಡಿಸಿದರೆ ಅದನ್ನು ಕಿತ್ತು ಬಿಸಾಡು ಅನ್ನುತ್ತಾನೆ. ಹೆಂಗಸಿಗೆ ಸೆರಗು ಸರಿಮಾಡು ಅಂತ ಅಲ್ಲಿ ಹೇಳಿಲ್ಲ. ಕ್ಯಾಥೊಲಿಕ್ ಸಭೆ ತನ್ನ ನಂಬಿಕೆ, ನಡತೆಯನ್ನು ವಿವರಿಸುವ 1992ರ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 2523ನೇ ಪ್ಯಾರಾ ಇದನ್ನು ನೇರವಾಗಿ ಜಾಹೀರಾತಿಗೇ ತಂದಿದೆ. ದೇಹವನ್ನು ಇಣುಕಿ ನೋಡುವ ಜಾಹೀರಾತುಗಳನ್ನು ಮರ್ಯಾದೆ ಪ್ರತಿಭಟಿಸುತ್ತದೆ ಅನ್ನುತ್ತದೆ. ಮಹಿಳೆಯರ ಅಸಭ್ಯ ಚಿತ್ರಣ ತಡೆಯುವ 1986ರ ನಮ್ಮ ಕಾಯ್ದೆಯೂ ಹಿಡಿಯುವುದು ಜಾಹೀರಾತು ಹಾಕಿದವರನ್ನು, ಅಚ್ಚು ಹಾಕಿ ಹಂಚಿದವರನ್ನು.

ಎಲ್ಲ ಕ್ರೈಸ್ತರಿಗೂ ಒಂದೇ ಅಳತೆ ಅಂತೂ ಇಲ್ಲ. ಪೆಂತೆಕೋಸ್ತ್ ಸಭೆಗಳ ಎಷ್ಟೋ ಹೆಂಗಸರು ಒಂದು ಗುಂಜಿ ಚಿನ್ನವನ್ನೂ ಹಾಕುವುದಿಲ್ಲ. ಕ್ಯಾಥೊಲಿಕ್ ಮದುವೆಯಲ್ಲಿ ಶಿಲುಬೆಯ ತಾಳಿ, ರೇಷ್ಮೆ ಸೀರೆ ಮಾಮೂಲು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿ ನಿಂತರೆ ಎಲ್ಲ ಬಗೆಯ ಉಡುಪೂ ಕಾಣುತ್ತದೆ. ಮರ್ಯಾದೆಯ ರೂಪ ಒಂದೊಂದು ನಾಡಿಗೆ ಒಂದೊಂದು ಅಂತ ಅದೇ ಧರ್ಮೋಪದೇಶ ಗ್ರಂಥದ 2524ನೇ ಪ್ಯಾರಾ ಒಪ್ಪುತ್ತದೆ.

ಚರ್ಚಿಗೆ ಒಂದು ಕಟ್ಟುಪಾಡು ಇರಲಿ, ನನ್ನ ತಕರಾರಿಲ್ಲ. ತೋಳಿಲ್ಲದ ಬಟ್ಟೆ ಬೇಡ ಅಂತಿದ್ದರೆ ಬೋರ್ಡಿನಲ್ಲಿ ಹಾಗೇ ಬರೆಯಿರಿ. ಗಂಡಸರಿಗೂ ಬರೆಯಿರಿ. ಅದಕ್ಕೆ ಪೌಲನ 9ನೇ ವಚನ ಅಂಟಿಸಬೇಡಿ. ಅಂಟಿಸಲೇಬೇಕು ಅಂದರೆ ಚಿನ್ನ, ಮುತ್ತು, ದುಬಾರಿ ಬಟ್ಟೆಯ ಸಾಲನ್ನೂ ಸೇರಿಸಿ, ಪೂರ್ತಿಯಾಗಿ ಅಂಟಿಸಿ.