ಡಾಲರ್ ಪಣ, ಗಾಜಿನ ಬಟ್ಟಲು

1988ರಲ್ಲಿ ಅಮೆರಿಕದ ಟಿವಿ ಆಟ 'ವೀಲ್ ಆಫ್ ಫಾರ್ಚೂನ್' ಬ್ರಿಟನ್ನಿನ ಖಾಸಗಿ ವಾಹಿನಿ ಐಟಿವಿಗೆ ಬಂತು. ಚಕ್ರ ಅದೇ, ಅಕ್ಷರದ ಹಲಗೆಯೂ ಅದೇ. ಚಕ್ರದ ಮೇಲೆ ಬರೆದಿದ್ದದ್ದು ಮಾತ್ರ ದುಡ್ಡಲ್ಲ, ಬರೀ ಅಂಕ. ಬ್ರಿಟಿಷರಿಗೆ ದುಡ್ಡಿನ ಮಾತೆಂದರೆ ಸಂಕೋಚ ಎನ್ನುವವರಿದ್ದಾರೆ. ಇರಬಹುದು. ಆದರೆ ಖಾಸಗಿ ವಾಹಿನಿ ಎಷ್ಟು ಬಹುಮಾನ ಕೊಡಬಹುದು ಎಂಬುದಕ್ಕೆ ಅಲ್ಲಿನ ನಿಯಂತ್ರಣ ಸಂಸ್ಥೆ ಮಿತಿ ಹಾಕಿತ್ತು ಎಂಬುದೇ ಇಲ್ಲಿ ದೊಡ್ಡ ಕಾರಣ.

ಎರಡು ದೇಶಗಳ ಟಿವಿ ರಸಪ್ರಶ್ನೆ ಹೀಗೆ ಬೇರೆಬೇರೆಯಾದ ಕಥೆ ಶುರುವಾಗುವುದು 1955ರಲ್ಲಿ. ಆ ವರ್ಷ ಅಮೆರಿಕದ ಸಿಬಿಎಸ್ ವಾಹಿನಿ 'ದಿ 64,000 ಡಾಲರ್ ಕ್ವೆಶ್ಚನ್' ರಸಪ್ರಶ್ನೆ ಆರಂಭಿಸಿತು. ಹಣ ಹಾಕಿದ್ದು ಸೌಂದರ್ಯವರ್ಧಕ ಕಂಪನಿ ರೆವ್ಲಾನ್. ಆಗ ಪ್ರಾಯೋಜಕರು ಜಾಹೀರಾತು ಕೊಟ್ಟು ಸುಮ್ಮನಾಗುತ್ತಿರಲಿಲ್ಲ, ಕಾರ್ಯಕ್ರಮ ಹೇಗಿರಬೇಕೆಂದೂ ಹೇಳುತ್ತಿದ್ದರು. ನೋಡುಗರಿಗೆ ಹಿಡಿಸದ ಸ್ಪರ್ಧಿ ಗೆಲ್ಲುತ್ತಲೇ ಹೋದರೆ ಅವರಿಗೆ ತಲೆಬಿಸಿ. ಇನ್ನೊಂದು ವಾಹಿನಿ ಎನ್‌ಬಿಸಿಯ 'ಟ್ವೆಂಟಿ ಒನ್' ರಸಪ್ರಶ್ನೆ ಕೆಟ್ಟದ್ದು ಹೀಗೆ. ಗೆಲ್ಲುತ್ತಿದ್ದ ಹರ್ಬ್ ಸ್ಟೆಂಪೆಲ್‌ಗೆ ಸೋಲಲು ಹೇಳಿ, ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವಾನ್ ಡೋರೆನ್‌ಗೆ ಉತ್ತರ ಹೇಳಿಕೊಟ್ಟರು. 1959ರ ನವೆಂಬರಿನಲ್ಲಿ ವಾನ್ ಡೋರೆನ್ ಸಂಸತ್ ಸಮಿತಿಯ ಮುಂದೆ ಎಲ್ಲ ಒಪ್ಪಿಕೊಂಡ. ಮರುವರ್ಷ ರಸಪ್ರಶ್ನೆಯಲ್ಲಿ ಮೋಸ ಮಾಡುವುದೇ ಕಾನೂನಿನಲ್ಲಿ ಅಪರಾಧವಾಯಿತು.

ಅಮೆರಿಕದ ಇನ್ನೊಂದು ರಸಪ್ರಶ್ನೆ 'ಜೆಪರ್ಡಿ' ಹುಟ್ಟಿದ್ದು ಈ ಅವಮಾನದ ನೆರಳಿನಲ್ಲಿ, 1964ರಲ್ಲಿ. ಉತ್ತರ ಹೇಳಿಕೊಟ್ಟದ್ದೇ ತಪ್ಪಾದರೆ ಉತ್ತರವನ್ನೇ ಮೊದಲು ಕೊಟ್ಟು ಪ್ರಶ್ನೆ ಕೇಳಿಸೋಣ ಎಂದು ನಿರ್ಮಾಪಕ ಮರ್ವ್ ಗ್ರಿಫಿನ್‌ಗೆ ಹೇಳಿದ್ದು ಹೆಂಡತಿ ಜೂಲಾನ್. '5,280' ಎಂದರೆ 'ಒಂದು ಮೈಲಿಗೆ ಎಷ್ಟು ಅಡಿ?'

ಬ್ರಿಟನ್ನಿನಲ್ಲಿ ಗ್ರನಡಾ ಎಂಬ ಖಾಸಗಿ ಟಿವಿ ಕಂಪನಿ ನಡೆಸಿದ 'ಟ್ವೆಂಟಿ ಒನ್' ಮೇಲೂ 1958ರಲ್ಲಿ ಇಂಥದೇ ಆರೋಪ ಬಂತು. ಪ್ರಸಾರದ ಬಗ್ಗೆ ಸರ್ಕಾರ ನೇಮಿಸಿದ್ದ ಪಿಲ್ಕಿಂಗ್‌ಟನ್ ಸಮಿತಿ 1962ರಲ್ಲಿ ಖಾಸಗಿ ವಾಹಿನಿಯ ಅಗ್ಗದ ಮನರಂಜನೆಯನ್ನು ಕಟುವಾಗಿ ಟೀಕಿಸಿತು. ಬಹುಮಾನ ಸಣ್ಣದಾದಾಗ ಆಟವನ್ನು ಗಟ್ಟಿ ಮಾಡುವುದೊಂದೇ ದಾರಿ. ಟಿವಿ ಇಟ್ಟುಕೊಂಡವರು ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ ನಡೆಯುವ ಬಿಬಿಸಿಯೂ ದುಡ್ಡು ಚೆಲ್ಲುವ ಹಾಗಿರಲಿಲ್ಲ. ಅದರ 'ಮಾಸ್ಟರ್‌ಮೈಂಡ್' (1972) ರೂಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ವಿಚಾರಣೆ ಎದುರಿಸಿದ್ದವನು. ಕತ್ತಲ ಕೋಣೆ, ಮೇಲೊಂದು ದೀಪ, ಕೆಳಗೆ ಕಪ್ಪು ಕುರ್ಚಿ. ಗೆದ್ದವರಿಗೆ ಸಿಗುವುದು ಒಂದು ಗಾಜಿನ ಬಟ್ಟಲು, ಅಷ್ಟೇ.

ನಿಯಮಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. 'ಜೆಪರ್ಡಿ'ಯಲ್ಲಿ ಅಂಕವೇ ಡಾಲರ್; ತಪ್ಪಾದರೆ ಅಷ್ಟೂ ಕಡಿತ. ಕೊನೆಯ ಸುತ್ತಿನಲ್ಲಿ ಗಳಿಸಿದ್ದರಿಂದಲೇ ಪಣ ಕಟ್ಟಬೇಕು: ಉತ್ತರ ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟು ಹೋಗುತ್ತದೆ. ಮುಂದಿರುವವರ ಬಳಿ 20,000, ಎರಡನೆಯವರ ಬಳಿ 14,000 ಇದೆ ಎನ್ನಿ. ಎರಡನೆಯವರು ದುಪ್ಪಟ್ಟಾದರೆ 28,000. ಆದ್ದರಿಂದ ಮೊದಲಿನವರು 8,001 ಕಟ್ಟುತ್ತಾರೆ. ಉತ್ತರ ತಪ್ಪಿದರೆ 11,999ಕ್ಕೆ ಕುಸಿದು, ಏನೂ ಕಟ್ಟದೆ ಕುಳಿತವರಿಗೆ ಸೋಲುತ್ತಾರೆ. ತಿಳಿವಳಿಕೆ ಇದ್ದರೆ ಸಾಲದು, ಲೆಕ್ಕವೂ ಬರಬೇಕು.

ಬ್ರಿಟನ್ನಿನ 'ಯೂನಿವರ್ಸಿಟಿ ಚಾಲೆಂಜ್' (1962) ತಮಾಷೆಯೆಂದರೆ ಅಮೆರಿಕದ 'ಕಾಲೇಜ್ ಬೌಲ್' ನೋಡಿ ಮಾಡಿದ್ದು. ನಾಲ್ವರ ತಂಡ. ಮೊದಲ ಪ್ರಶ್ನೆಗೆ ಒಬ್ಬರೇ ಉತ್ತರಿಸಬೇಕು, 10 ಅಂಕ. ಸರಿಯಾದರೆ ತಲಾ 5 ಅಂಕದ ಮೂರು ಪ್ರಶ್ನೆ. ಆಗ ತಂಡ ಪಿಸುಗುಟ್ಟಿಕೊಳ್ಳಬಹುದು. ಪ್ರಶ್ನೆ ಮುಗಿಯುವ ಮುನ್ನ ಬಝರ್ ಒತ್ತಿ ತಪ್ಪಿದರೆ 5 ಅಂಕ ದಂಡ. ಒತ್ತುವುದಕ್ಕೇನೂ ಅಡ್ಡಿಯಿಲ್ಲ, ಒಳ್ಳೆಯ ತಂಡ ಒತ್ತಲೇಬೇಕು. 'ಜೆಪರ್ಡಿ'ಯಲ್ಲಿ 1985ರಿಂದ ಇದು ಸಾಧ್ಯವಿಲ್ಲ: ಓದಿ ಮುಗಿದು ದೀಪ ಹೊತ್ತುವ ಮೊದಲೇ ಒತ್ತಿದರೆ ಬಝರ್ ಕಾಲು ಸೆಕೆಂಡ್ ಸತ್ತುಹೋಗುತ್ತದೆ. ಸೋಫಾದಲ್ಲಿ ಕೂತವರಿಗೂ ಪೂರ್ತಿ ಓದಲು ಸಮಯ ಸಿಗಲಿ ಎಂದು ಈ ಏರ್ಪಾಡು. ಗೊತ್ತಿದ್ದೂ ಸೋಲುವವರು ಹೆಚ್ಚಾಗಿ ಎಡವುವುದು ಇಲ್ಲೇ.

ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಮಿತಿ ತೆರವಾಯಿತು. 1998ರ ಸೆಪ್ಟೆಂಬರಿನಲ್ಲಿ ಐಟಿವಿಯಲ್ಲಿ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಬಂತು, ಮರುವರ್ಷವೇ ಅಮೆರಿಕಕ್ಕೆ ಹೋಯಿತು. ಅಲ್ಲಿ ಮೊದಲ ಕೋಟ್ಯಧಿಪತಿ ಜಾನ್ ಕಾರ್ಪೆಂಟರ್ ಕೊನೆಯ ಪ್ರಶ್ನೆಗೆ ಅಪ್ಪನಿಗೆ ಫೋನ್ ಮಾಡಿದ್ದು ಸಹಾಯಕ್ಕಲ್ಲ, ನಾನು ಗೆಲ್ಲುತ್ತಿದ್ದೇನೆ ಎಂದು ಹೇಳಲು! ಬ್ರಿಟನ್ನಿಗೆ ಅಂಥವರು ಸಿಕ್ಕಿದ್ದು ಮರುವರ್ಷ, 2000ರ ನವೆಂಬರಿನಲ್ಲಿ, ಜೂಡಿತ್ ಕೆಪೆಲ್.

2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' ಈ ಬ್ರಿಟಿಷ್ ಮೂಲದ್ದೇ. ಗೆದ್ದ ಮೇಲೆ ಮಾತ್ರ ದೇಶಕ್ಕೊಂದು ಲೆಕ್ಕ. ಬ್ರಿಟನ್ನಿನಲ್ಲಿ ಬಹುಮಾನಕ್ಕೆ ತೆರಿಗೆ ಇಲ್ಲ, ಅಮೆರಿಕದಲ್ಲಿ ಅದು ಸಂಬಳದಂತೆ ಆದಾಯಕ್ಕೆ ಸೇರುತ್ತದೆ, ನಮ್ಮಲ್ಲಿ ಕೈಗೆ ಬರುವ ಮೊದಲೇ ಶೇ. 30 ಮುರಿದುಕೊಳ್ಳುತ್ತಾರೆ.