ಮಳೆಗಾಲದ ಮೀನು, ಮಳೆಗಾಲದ ಒಲೆ

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕೊಡಗಿನ ತೋಡುಗಳು ಕೆಂಪು ನೀರು ತುಂಬಿಕೊಂಡು ಗದ್ದೆಗಳಿಗೆ ನುಗ್ಗಿದ ರಾತ್ರಿ, ಮೀನಿಗಾಗಿ ಟಾರ್ಚು ಮತ್ತು ಕತ್ತಿ ಹಿಡಿದು ಬದುಗಳ ಮೇಲೆ ಓಡಾಡುವವರನ್ನು ಇಂದಿಗೂ ಕಾಣಬಹುದು. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹರಿವಿನ ಎದುರು ಏರಿ ಬರುವ ಈ ಮೀನನ್ನು ಮಲೆನಾಡಿನವರು ‘ಹತ್ತುಮೀನು’ ಎನ್ನುತ್ತಾರೆ. ಚಿಕ್ಕಂದಿನಲ್ಲಿ ನಮಗೆ ಅದು ಹಬ್ಬವೇ ಆಗಿತ್ತು. ಹಾಗೆ ಹಿಡಿದ ಮೀನಿನ ಹೊಟ್ಟೆ ತುಂಬ ಮೊಟ್ಟೆಯಿರುವುದೇಕೆ ಎಂದು ನಾನು ಯೋಚಿಸತೊಡಗಿದ್ದು ಬಹಳ ತಡವಾಗಿ.

ಮಳೆಯೇ ಈ ಮೀನುಗಳಿಗೆ ಸಂಕೇತ. ನೀರಿನ ಉಷ್ಣತೆ ಇಳಿಯುವುದು, ಹೊಸ ನೀರಿನ ಕದಡು, ಹರಿವಿನ ರಭಸ ಇವೆಲ್ಲ ಒಟ್ಟಾಗಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತವೆ. ಅದು ಸ್ರವಿಸುವ ಹಾರ್ಮೋನಿನಿಂದ ಮೊಟ್ಟೆ ಮಾಗಿ ಹೊರಬೀಳುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನ ಕೆರೆಯಲ್ಲಿ ಎಷ್ಟೇ ಕೊಬ್ಬಿ ಬೆಳೆದರೂ ಅಲ್ಲಿ ಸಂತಾನ ಮಾಡದಿರುವುದಕ್ಕೆ ಇದೇ ಕಾರಣ. 1957ರ ಜುಲೈ 10ರಂದು ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಒಡಿಶಾದಲ್ಲಿ ಮೀನುಗಳಿಗೆ ಪಿಟ್ಯುಟರಿ ಸಾರವನ್ನು ಚುಚ್ಚಿ, ಮಳೆ ಮಾಡುವ ಕೆಲಸವನ್ನು ಸೂಜಿಯಿಂದ ಮಾಡಿಸಿದರು. ಇಂದು ನಮ್ಮ ಕೆರೆ, ಜಲಾಶಯಗಳಿಗೆ ಬಿಡುವ ಬಿತ್ತನೆ ಮರಿಗಳೆಲ್ಲ ಬಹುಪಾಲು ಆ ವಿಧಾನದ ಫಲವೇ.

ಆದರೆ ಕಾವೇರಿಯ ಮೂಲ ಮೀನುಗಳನ್ನು ಹೀಗೆ ಸುಲಭವಾಗಿ ತುಂಬಿಕೊಡಲಾಗದು. ರೋಹು ಒಂದು ಕಿಲೋ ತೂಕಕ್ಕೆ ಲಕ್ಷಗಟ್ಟಲೆ ಮೊಟ್ಟೆಯಿಟ್ಟರೆ, ಮಹಶೀರ್ ಇಡುವುದು ಕೆಲವು ಸಾವಿರ ಮಾತ್ರ. ಕಾವೇರಿ ಕಣಿವೆಯ ಹೊರತು ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ದೊಡ್ಡ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ; ಅದಕ್ಕೆ ವಿಜ್ಞಾನಿಗಳು ಖಚಿತವಾದ ಹೆಸರು ಗೊತ್ತುಮಾಡಿದ್ದೇ 2018ರಲ್ಲಿ. ಇಂಥ ಮೀನಿನ ವಿಷಯದಲ್ಲಿ ಮೊಟ್ಟೆ ತುಂಬಿದ ಒಂದು ತಾಯಿಯನ್ನು ಹಿಡಿಯುವುದೂ ದೊಡ್ಡ ನಷ್ಟ. ತೋಟೆ ಸಿಡಿಸುವುದರ ಅಥವಾ ವಿಷ ಹಾಕುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಕಾನೂನಿಗೆ ವಿರುದ್ಧ, ಮತ್ತು ಮರಿಯಿಂದ ಮುದಿಯವರೆಗೆ ಎಲ್ಲವನ್ನೂ ಒಟ್ಟಿಗೆ ಕೊಲ್ಲುತ್ತವೆ.

ಮೊಟ್ಟೆಯಿಡುವ ಎರಡು ತಿಂಗಳು ಬಲೆ ಬೀಸದಿದ್ದರೆ ಸಾಕಲ್ಲವೇ ಎಂದು ಓದುಗರಿಗೆ ಅನ್ನಿಸಬಹುದು. ಜೀವಶಾಸ್ತ್ರದ ದೃಷ್ಟಿಯಿಂದ ಈ ಮಾತು ಸರಿಯಾದರೂ, ಹಾರಂಗಿಯಂಥ ಜಲಾಶಯದಲ್ಲಿ ಹರಿಗೋಲು ಹಾಕಿ ದಿನದ ಹಿಡಿತವನ್ನು ಅಂದೇ ಮಾರಿ ಅಕ್ಕಿ ಕೊಳ್ಳುವ ಮನೆಗೆ ಆ ಎರಡು ತಿಂಗಳು ಎಂದರೆ ಬರಿಗೈ. ಕೊಡಗಿನಲ್ಲಿ ಆಗ ಕಾಫಿ ಕೊಯ್ಲೂ ಇಲ್ಲ, ತೋಟದ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯೂ ಸರಿಯಾಗಿ ಸಾಗದು. ಮೀನು ಮೊಟ್ಟೆಯಿಡುವ ತಿಂಗಳೂ ಮೀನುಗಾರನ ಒಲೆ ತಣ್ಣಗಾಗುವ ತಿಂಗಳೂ ಒಂದೇ ಆಗಿರುವುದರಿಂದಲೇ ನಿಷೇಧದ ನಿಯಮ ಕಾಗದದಲ್ಲಿ ಉಳಿಯುತ್ತದೆಯೇ ಹೊರತು ನೀರಿನ ಮೇಲೆ ನಿಲ್ಲುವುದಿಲ್ಲ.

ಜಗತ್ತಿನಲ್ಲಿ ಹಿಡಿಯುವ ಒಟ್ಟು ಮೀನಿನಲ್ಲಿ ಸುಮಾರು ಶೇ 40ರಷ್ಟು ಸಣ್ಣ ಮೀನುಗಾರರದ್ದು, ಈ ಕಸುಬಿನ ಉದ್ಯೋಗದಲ್ಲಿ ಶೇ 90ರಷ್ಟು ಅವರದ್ದೇ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಈ ತೊಡಕು ಕೊಡಗಿಗಷ್ಟೇ ಸೇರಿದ್ದಲ್ಲ. ಬ್ರೆಜಿಲ್ ಮೀನು ಮೊಟ್ಟೆಯಿಡುವ ನಿಷೇಧದ ತಿಂಗಳುಗಳನ್ನು ನಿರುದ್ಯೋಗದ ಕಾಲವೆಂದೇ ಒಪ್ಪಿಕೊಂಡು, 1991ರಿಂದ ಸಣ್ಣ ಮೀನುಗಾರರಿಗೆ ತಿಂಗಳ ಕನಿಷ್ಠ ವೇತನದಷ್ಟು ಹಣ ಕೊಡುತ್ತಿದೆ. ಬಾಂಗ್ಲಾದೇಶ ಇಲಿಶ್ ಮೀನಿನ ಮರಿಗಳನ್ನು ಕಾಯುವ ಅವಧಿಯಲ್ಲಿ ಮೀನುಗಾರ ಕುಟುಂಬಗಳಿಗೆ ತಿಂಗಳಿಗೆ 40 ಕೆ.ಜಿ. ಅಕ್ಕಿ ನೀಡುತ್ತದೆ. ನಮ್ಮಲ್ಲಿಯೂ ಉಳಿತಾಯ ಮತ್ತು ಪರಿಹಾರದ ಯೋಜನೆಯಿದೆ: ಮೀನುಗಾರ 1500 ರೂಪಾಯಿ ಕಟ್ಟುತ್ತಾನೆ, ಸರ್ಕಾರಗಳು 3000 ಸೇರಿಸುತ್ತವೆ. ಮೂರು ತಿಂಗಳಿಗೆ 4500 ಎಂದರೆ ದಿನಕ್ಕೆ 50 ರೂಪಾಯಿ, ಅದರಲ್ಲೂ ಮೂರನೆಯ ಒಂದು ಪಾಲು ಅವನದೇ ಹಣ. ಇಷ್ಟನ್ನು ಕೊಟ್ಟು ಬಲೆಯನ್ನು ಅಟ್ಟದ ಮೇಲಿಡು ಎಂದು ಹೇಳುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹಣದಷ್ಟೇ ಮುಖ್ಯವಾದದ್ದು ನಿಯಮ ಮಾಡುವವರು ಯಾರು ಎಂಬುದು. ಟರ್ಕಿಯ ಅಲಾನ್ಯಾ ಎಂಬಲ್ಲಿ ಒಳ್ಳೆಯ ಜಾಗಕ್ಕಾಗಿ ಹೊಡೆದಾಡುತ್ತಿದ್ದ ಮೀನುಗಾರರು ತಾವೇ ಕುಳಿತು ಬಲೆ ಹಾಕುವ ಜಾಗಗಳ ಪಟ್ಟಿ ಮಾಡಿ, ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿಯೆತ್ತಿ, ದಿನಕ್ಕೊಂದು ಜಾಗದಂತೆ ಸರದಿಯಲ್ಲಿ ಮುಂದೆ ಸಾಗುವ ಪದ್ಧತಿ ಕಟ್ಟಿಕೊಂಡರು. ಒಳ್ಳೆಯ ಜಾಗದ ಸರದಿ ಬಂದವನು ಅಂದು ತಪ್ಪದೆ ಅಲ್ಲಿರುತ್ತಿದ್ದುದರಿಂದ ಕಳ್ಳತನಕ್ಕೆ ಅವಕಾಶವಿರಲಿಲ್ಲ. ಪ್ರತ್ಯೇಕ ಕಾವಲುಗಾರನೂ ಬೇಕಿರಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಎಲ್ಲರಿಗೂ ಸೇರಿದ ಸಂಪತ್ತನ್ನು ಅದನ್ನು ಬಳಸುವವರೇ ನಿಯಮ ಮಾಡಿಕೊಂಡು ಕಾಯಬಲ್ಲರು ಎಂಬ ತಮ್ಮ ವಾದಕ್ಕೆ ಆಧಾರವಾಗಿ ಬಳಸಿದ ಉದಾಹರಣೆಗಳಲ್ಲಿ ಇದೂ ಒಂದು. ನಮ್ಮಲ್ಲೂ ಇಂಥದ್ದು ಸಾಧ್ಯ. ಜಲಾಶಯದ ಮೀನು ಮೊಟ್ಟೆಯಿಡಲು ನದಿ ಬಂದು ಸೇರುವ ಮೇಲ್ಭಾಗದತ್ತ ಹೋಗುತ್ತದೆ. ಆ ಭಾಗವನ್ನು ಮಾತ್ರ ಮುಚ್ಚಿ, ಉಳಿದ ನೀರಿನಲ್ಲಿ ಮರಿಗಳು ನುಸುಳಿ ಹೋಗುವಷ್ಟು ದೊಡ್ಡ ಕಣ್ಣಿನ ಬಲೆಗೆ ಸರದಿಯಂತೆ ಅವಕಾಶ ಕೊಟ್ಟರೆ ಮೀನಿಗೂ ಮನೆಗೂ ದಾರಿಯಿರುತ್ತದೆ. ಮೀನು ಎಲ್ಲಿಗೆ ಏರುತ್ತದೆ, ಯಾವ ವಾರ ಏರುತ್ತದೆ ಎಂಬುದನ್ನು ಹರಿಗೋಲಿನವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮಳೆಗಾಲ ದಾಟಿ ಉಳಿದ ಮರಿಗಳಿಗೆ ಜನವರಿಯಲ್ಲಿ ಇನ್ನೊಂದು ಕಷ್ಟ ಕಾದಿರುತ್ತದೆ. ಹೊಳೆ ಬಡಕಲಾಗುವ ಹೊತ್ತಿಗೇ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಕೆಲಸ, ನಡೆಯುತ್ತದೆ. ಹಣ್ಣಿನ ಲೋಳೆಯ ಸಕ್ಕರೆ ತುಂಬಿದ ಆ ನೀರನ್ನು ಶುದ್ಧಗೊಳಿಸದೆ ತೋಡಿಗೆ ಬಿಟ್ಟರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಉತ್ಪಾದಿಸದ ಕಾರಣ ಅದರ ಪ್ರಮಾಣ ಅತಿ ಕಡಿಮೆಯಾಗುವುದು ಬೆಳಗಿನ ಜಾವ. ಮೀನುಗಳು ಆಗ ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಆ ಹೊತ್ತಿನಲ್ಲಿ ನೀರಿನ ಬಳಿ ಇರುವವನು ಬಲೆ ಎತ್ತಲು ಬಂದ ಮೀನುಗಾರನೊಬ್ಬನೇ. ಜೂನ್ ತಿಂಗಳಲ್ಲಿ ಬಲೆ ಬೀಸಬೇಡ ಎಂದು ಅವನನ್ನು ಕೇಳುವ ನಾವು, ಜನವರಿಯಲ್ಲಿ ಅವನು ಕಂಡದ್ದನ್ನು ಹೇಳಿದಾಗ ತೋಟದ ಪಲ್ಪಿಂಗ್ ಯಂತ್ರವನ್ನು ನಿಲ್ಲಿಸಲು ಸಿದ್ಧರಿರಬೇಕು.